ಮಾವ ಹಂಚಿದ ಹುದ್ದೆಗಳು

ಇಳಕಲ್ಲಿನಲ್ಲಿ ನಿರುದ್ಯೋಗಿ ಅನ್ನುವ ಪ್ರಾಣಿಯೇ ಇಲ್ಲ ಎಂದು ಎದೆ ತಟ್ಟಿ ಹೇಳುವ ಗಂಡಸು ಎಪ್ಪತ್ತರ ದಶಕದಲ್ಲಿ ಒಬ್ಬನೇ ಇದ್ದ. ಅವನು ನನ್ನ ಸೋದರಮಾವ. ಹೇಳದೆ ಏನು ಮಾಡಿಯಾನು, ಊರಿನವರಿಗೆಲ್ಲ ಹುದ್ದೆ ಹಂಚಿದವನೇ ಅವನು! ಪಗಾರ ಮಾತ್ರ ಅವರವರೇ ನೋಡಿಕೊಳ್ಳಬೇಕಿತ್ತು.

ಮಾವನದು ಪೇಟೆಯಲ್ಲಿ ನೂಲಿನ ಅಂಗಡಿ. ಮ್ಯಾಟ್ರಿಕ್‌ನಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿದ್ದ. ಬೇರೆಯವರಾಗಿದ್ದರೆ ಆ ಭಾಷೆಯ ಗೊಡವೆಯೇ ಬೇಡವೆಂದು ಕೈಮುಗಿಯುತ್ತಿದ್ದರು. ಇವನು ಅದರ ಮೇಲೆ ಸೇಡು ತೀರಿಸಿಕೊಂಡ. ಬಸ್‌ಸ್ಟ್ಯಾಂಡಿನಲ್ಲಿ 'ಹುನಗುಂದ, ಹುನಗುಂದ' ಎಂದು ಕೂಗಿ ಜನರನ್ನು ಗಾಡಿ ಹತ್ತಿಸುವವನು ಪ್ಯಾಸೆಂಜರ್ ಕಲೆಕ್ಟರ್. ಬಸ್ಸಿನ ನೆತ್ತಿಯ ಮೇಲೆ ಚೀಲ ಏರಿಸುವವನು ರೂಫ್ ಮ್ಯಾನೇಜರ್. ಕೋಳಿ ಕೂಗುವ ಮೊದಲೇ ಎದ್ದು ಓಣಿಯವರನ್ನೆಲ್ಲ ಬೈದು ಎಬ್ಬಿಸುವ ಎದುರುಮನೆ ಮುದುಕಿ ಮಾರ್ನಿಂಗ್ ಸೂಪರ್‌ವೈಸರ್. ಆಗ ಬಾಗಲಕೋಟೆಯಲ್ಲಿ ಕಾಲೇಜು ಓದುತ್ತಿದ್ದ ನಾನು "ಇವು ಇಂಗ್ಲಿಷ್ ಅಲ್ಲ ಮಾಮಾ" ಅಂದೆ. ನನಗೂ ನಿಂತ ಜಾಗದಲ್ಲೇ ನೇಮಕವಾಯಿತು: ಡೌಟ್ ಆಫೀಸರ್.

ಹೈಸ್ಕೂಲಿನ ಇಂಗ್ಲಿಷ್ ಮಾಸ್ತರರು ಒಮ್ಮೆ ಅಂಗಡಿಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತ, "ನೀವು ಹೇಳೂ ಹುದ್ದಾ ಒಂದೂ ಡಿಕ್ಷನರಿಯಾಗ ಇಲ್ರಿ" ಎಂದರು. ಮಾವ ಪೇಪರನ್ನು ಅವರ ಮುಂದೆ ಹಿಡಿದ.

"ಇಲ್ಲಿ ಚೀಫ್ ವಿಪ್ ಅಂತ ಐತಲ್ರಿ, ಹಂಗಂದ್ರ ಏನ್ರಿ ಮಾಸ್ತರ?"

"ವಿಪ್ ಅಂದ್ರ ಬಾರಕೋಲು. ಚೀಫ್ ವಿಪ್ ಅಂದ್ರ... ಅದೊಂದು ಹುದ್ದಾ ಬಿಡ್ರಿ, ಪಕ್ಷದಾಗ ಇರತೈತಿ."

"ಅಲ್ರೀ, ಕುದುರಿ ಇಲ್ಲದ ಬಾರಕೋಲಿಗೆ ದಿಲ್ಲಿಯೊಳಗ ಬಂಗಲೆ ಕೊಡ್ತಾರ. ನಮ್ಮ ರೂಫ್ ಮ್ಯಾನೇಜರ್ ಏನ್ ಪಾಪ ಮಾಡ್ಯಾನ?"

ಮಾಸ್ತರರು ಅರ್ಧ ಚಹಾ ಬಿಟ್ಟು ಎದ್ದು ಹೋದರು. ಉಳಿದದ್ದನ್ನು ಮಾವನೇ ಕುಡಿದ.

ಇಂಥವನ ಮನೆಯಲ್ಲೇ ಹುದ್ದೆಯಿಲ್ಲದೆ ಉಳಿದವಳು ಒಬ್ಬಳಿದ್ದಳು, ಅವನ ಹೆಂಡತಿ, ನಮ್ಮ ಅತ್ತೆ. ಅವಳದು ಕೊಂಡಿ ಹಾಕುವ ಕೆಲಸ. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ನೇಯುವ ಮೊದಲು ಆ ಎಳೆಗೆ ಈ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಬೆಳಗಿನಿಂದ ಬೆನ್ನು ಬಗ್ಗಿಸಿ ಕೂತವಳು ಆಗಾಗ ತಲೆಯೆತ್ತಿ, "ಎಲ್ಲಾರಿಗೂ ಕೊಟ್ರಿ, ನಂದ್ಯಾವ ಹುದ್ದಾರಿ?" ಎಂದು ಕೇಳುತ್ತಿದ್ದಳು. "ಹುಡುಕಾಕತ್ತೇನಿ, ಇನ್ನೂ ಸಿಕ್ಕಿಲ್ಲ" ಎಂದು ಮಾವ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ.

ಹುದ್ದೆ ಹಾಳಾಗಲಿ, ಅವನ ಬಾಯಲ್ಲಿ ಅತ್ತೆಗೆ ಹೆಸರೂ ಇರಲಿಲ್ಲ. "ಏ, ಇಲ್ಲಿ ನೋಡಿಲ್ಲೆ" ಅಷ್ಟೇ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹೇಳುವುದು ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ ಹೆಂಗಸರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸದ ಎರಡು ಸಾಲಿನೊಳಗೆ ಹೆಸರು ಕೂಡಿಸಿ ಹೇಳಿದರೆ ಒಳಗೆ ಬಿಡುತ್ತಾರೆ. ಮಾವ ತನ್ನ ಮದುವೆಯಲ್ಲಿ "ಮೈ ವೈಫ್" ಅಂದು, ಹೆಂಗಸರು ಹಾಗಂದರೇನು ಎಂದು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಒಳಗೆ ನುಸುಳಿದ್ದನಂತೆ. "ನನ್ನ ಹೆಸರಿನ ಒಡಪು ಇನ್ನೂ ಬಾಕಿ ಐತಿ" ಎಂದು ಅತ್ತೆ ನಗುನಗುತ್ತಲೇ ಹೇಳುತ್ತಿದ್ದಳು. ಆದರೆ ಆ ಮಾತು ಅವಳಿಗೆ ನಗೆಯ ಮಾತಾಗಿರಲಿಲ್ಲ.

ಅಷ್ಟರಲ್ಲಿ ಮಾವನ ಮಗಳು ಮದುವೆಯ ವಯಸ್ಸಿಗೆ ಬಂದಳು. ಕೆರೂರಿನಿಂದ ಒಳ್ಳೆಯ ಸಂಬಂಧವೂ ಬಂತು. ಮಾವ ಬೀಗರ ಮುಂದೆ ನನ್ನ ಅಪ್ಪನನ್ನು ಪರಿಚಯ ಮಾಡಿಸಿದ: "ಇವರು ನಮ್ಮ ಭಾವನೋರು, ಹುನಗುಂದದಾಗ ಚೀಫ್ ಗ್ರೈಂಡಿಂಗ್ ಸೂಪರಿಂಟೆಂಡೆಂಟ್." ದೊಡ್ಡ ಸರಕಾರಿ ಸಾಹೇಬರು ಎಂದುಕೊಂಡ ಬೀಗರು ಮುಂದೊಂದು ದಿನ ಹುನಗುಂದದಲ್ಲಿ ಇಳಿದು ವಿಚಾರಿಸುತ್ತ ಹೋದರೆ, ಸಾಹೇಬರು ಗಿರಣಿಯಲ್ಲಿ ಹುಬ್ಬಿನ ತನಕ ಹಿಟ್ಟು ಬಳಿದುಕೊಂಡು ಜೋಳ ಬೀಸುತ್ತಿದ್ದರು! 'ಸುಳ್ಳು ಹೇಳೂ ಮಂದಿ ಮನೀ ಹುಡುಗಿ ನಮಗ ಬ್ಯಾಡ' ಎಂದು ಹೇಳಿ ಕಳಿಸಿದರು. ಹುಡುಗಿ ಎರಡು ದಿನ ಊಟ ಬಿಟ್ಟಳು. ಮಾವ ಅಂಗಡಿಯನ್ನೇ ತೆಗೆಯಲಿಲ್ಲ.

ಮುಂದಿನ ಸಂಬಂಧ ಬದಾಮಿಯದು. ಈ ಸಲ ಅತ್ತೆ ಮಾವನಿಂದ ಮಗಳ ಮೇಲೆ ಆಣೆ ಮಾಡಿಸಿಕೊಂಡಳು, ಬೀಗರ ಮುಂದೆ ಬಾಯಿ ಬಿಡಕೂಡದು ಎಂದು. ಮಾವ ಬಾಯಿ ತುಂಬ ಶಿರಾ ತುಂಬಿಕೊಂಡು ಕೂತ. ಹುಡುಗನ ಅಪ್ಪ ಹೇಳಿದರು: "ನಮ್ಮ ಹುಡುಗ ರೈಲ್ವೆದಾಗ ಪಾಯಿಂಟ್ಸ್‌ಮನ್ ಅದಾನ್ರಿ."

ಮಾವನ ಕಣ್ಣು ಅಗಲವಾದವು. ನನ್ನ ಕಡೆ ಬಾಗಿ ಪಿಸುಗುಟ್ಟಿದ: "ಇದು ಖರೇನ ಇಂಗ್ಲಿಷೇನಬೇ? ಈ ಬೀಗರೂ ನನ್ನಂಗ ಅದಾರೇನು?"

"ಖರೇನ ಐತಿ ಮಾಮಾ. ಸುಮ್ನ ಶಿರಾ ತಿನ್ನು."

ಬೀಗರೇ ಬಿಡಿಸಿ ಹೇಳಿದರು: "ಎರಡು ಹಳಿ ಕೂಡೂವಲ್ಲಿ ಹಿಡಿಕಿ ಎಳೀತಾನ್ರಿ. ಆವಾಗ ಗಾಡಿ ಈ ಹಳಿಯಿಂದ ಆ ಹಳಿಗೆ ಹೋಗತೈತಿ."

ಮಾವ ಶಿರಾ ನುಂಗುವುದನ್ನೂ ಮರೆತು ಕೇಳುತ್ತಿದ್ದ. ಅದೇ ಹೊತ್ತಿಗೆ ಹುಡುಗನ ತಾಯಿ, ಬಾಗಿಲಲ್ಲಿ ನಿಂತಿದ್ದ ಅತ್ತೆಯನ್ನು ಕೇಳಿದರು: "ನೀವೇನ್ ಮಾಡ್ತೀರಿ ಅಕ್ಕಾರ?"

"ಏನಿಲ್ರಿ. ಸುಮ್ನ ಮನ್ಯಾಗ ಇರ್ತೇನಿ" ಎಂದಳು ಅತ್ತೆ. ಮತ್ತೇನಾದರೂ ಹೇಳಿ ಈ ಸಂಬಂಧವೂ ಮುರಿದೀತೆಂಬ ಹೆದರಿಕೆ ಅವಳಿಗೆ.

ಮಾವ ತಾಟನ್ನು ಕೆಳಗಿಟ್ಟ. ಮಗಳು ಒಳಗಿನಿಂದಲೇ, ಸುಮ್ಮನಿರೆಂದು ಕೈ ಮುಗಿದಳು. ಅವನು ಹುಡುಗನ ತಾಯಿಯ ಕಡೆ ತಿರುಗಿಯೇ ಬಿಟ್ಟ.

"ಅಕ್ಕಾರ, ನೀವು ಉಟ್ಟದ್ದು ಇಳಕಲ್ ಸೀರಿ ಅಲ್ರಿ? ಸೆರಗು ಒಡಲಿಗೆ ಕೂಡಿದಲ್ಲಿ ಬೆರಳಾಡಿಸಿ ನೋಡ್ರಿ. ಅದನ್ನ ಎಳಿ ಎಳಿ ಕೂಡಸೂದು ಇಕಿ ಕೆಲಸ. ನಿಮ್ಮ ಹುಡುಗ ಹಳಿ ಕೂಡಸ್ತಾನ, ಇಕಿ ಎಳಿ ಕೂಡಸ್ತಾಳ. ಅವಗ ಇಂಗ್ಲಿಷ್‌ನ್ಯಾಗ ಹೆಸರೈತಿ, ಇಕಿಗೆ ಇಲ್ಲ. ಇಪ್ಪತ್ತು ವರ್ಷ ಆತ್ರಿ ಹುಡುಕಾಕ ಹತ್ತಿ. ಯಾವ ಶಬ್ದ ಹಚ್ಚಿದ್ರೂ ಇಕಿಗೆ ಸಣ್ಣದಾಗತೈತಿ."

ಹುಡುಗನ ತಾಯಿ ಸೆರಗನ್ನು ಮುಂದೆ ತಂದು ಬೆರಳಾಡಿಸುತ್ತ ಕೂತರು. ಹುಡುಗನ ಅಪ್ಪ ಮಾತ್ರ, "ಅಲ್ರಿ ಬೀಗರ, ನಿಮಗ ಮಾತು ಬರತೈತೇನು? ಅವಾಗಿಂದ ನೀವು ಮೂಕ ಅಂತ ತಿಳಕೊಂಡಿದ್ದೆ" ಎಂದರು. ಸಂಬಂಧ ಕುದುರಿತು.

ಮದುವೆಯ ದಿನ ಮದುಮಕ್ಕಳ ಒಡಪು ಮುಗಿದ ಮೇಲೂ ಹೆಂಗಸರು ಬಾಗಿಲು ಬಿಡಲಿಲ್ಲ. ಮಾರ್ನಿಂಗ್ ಸೂಪರ್‌ವೈಸರ್ ಮುದುಕಿಯೇ ಮುಂದೆ ನಿಂತು ಮಾವನಿಗೆ ತಾಕೀತು ಮಾಡಿದಳು: "ನಿಂದು ಹಳೇ ಬಾಕಿ ಐತಿ. ಇಂಗ್ಲಿಷ್ ನಡಿಯಂಗಿಲ್ಲ ನೋಡು." ಅತ್ತೆ ನಾಚಿ ಕಂಬದ ಮರೆಗೆ ಸರಿದಳು. ಮಾವ ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ:

"ಕರಿ ಒಡಲಿಗೆ ಕೆಂಪ ಸೆರಗ, ನಡುವ ಹಾಕ್ಯಾಳ ಕೊಂಡಿ,
ನೀಲವ್ವ ಕೈ ಹಿಡದ ಮ್ಯಾಲ ನಡದೈತಿ ನನ್ನ ಬಂಡಿ."

ಇಡೀ ಹಂದರ ಗಪ್‌ಚಿಪ್. ವಾಲಗದವರೂ ನಿಲ್ಲಿಸಿದ್ದರು. ಡೌಟ್ ಆಫೀಸರಳಾದ ನನಗೂ ಕೇಳಲು ಒಂದು ಡೌಟೂ ಉಳಿದಿರಲಿಲ್ಲ, ಕಣ್ಣು ಒರೆಸಿಕೊಳ್ಳುತ್ತಿದ್ದೆ. ಅತ್ತೆ ಕಂಬದ ಹಿಂದಿನಿಂದ ಸ್ವಲ್ಪವೇ ಮುಖ ತೋರಿಸಿ ಹೇಳಿದಳು:

"ಗದ್ದಲದಾಗ ನಂಗ ಕೇಳಸಲಿಲ್ರಿ. ಇನ್ನೊಮ್ಮೆ ಹೇಳ್ರಿ."