ಮಾವನವರ ಸಂಘ, ಮುನ್ಷಿಯವರ ಸಂಗ್

ನಮ್ಮ ಮಾವನವರು ನನ್ನನ್ನು ಸೊಸೆಯಾಗಿ ಆರಿಸಿದ್ದು ನನ್ನ ಮುಖ ನೋಡಿ ಅಲ್ಲ, ಒಂದು ಬಂಡೆಯ ಮುಖ ನೋಡಿ. ಇದನ್ನು ನಾನು ಬೇಸರದಿಂದ ಹೇಳುತ್ತಿಲ್ಲ. ಬಂಡೆ ನನಗಿಂತ ಚೆಲುವಾಗಿದೆಯೋ ಇಲ್ಲವೋ ನೋಡಿದವರೇ ಹೇಳಬೇಕು. ವಯಸ್ಸಿನಲ್ಲಂತೂ ಅದು ನನಗಿಂತ ಬಹಳ ಹಿರಿಯದು, ಆದ್ದರಿಂದ ಅದಕ್ಕೆ ಮೊದಲ ಮರ್ಯಾದೆ ಬಿಟ್ಟುಕೊಟ್ಟಿದ್ದೇನೆ.

ನನ್ನ ತವರು ಮಸ್ಕಿ. ಅಲ್ಲಿಯ ಗುಡ್ಡದಲ್ಲಿ ಹಳೆಯ ಕಾಲದ ಚಕ್ರವರ್ತಿಯೊಬ್ಬ ಬರೆಸಿದ ಬಂಡೆ ಸಿಕ್ಕಿತು. ದೂರದೂರದಿಂದ ದೊಡ್ಡ ದೊಡ್ಡ ಪಂಡಿತರು ಬಂದು, ಬಿಸಿಲಲ್ಲಿ ಟೋಪಿ ತೆಗೆದು ನಿಂತು ಹೋದರು. ಅಂದಿನಿಂದ ಲಿಂಗಸುಗೂರಿನ ನಮ್ಮ ಮಾವನವರಿಗೆ ಊಟ ಸೇರುತ್ತಿರಲಿಲ್ಲವಂತೆ. ಲಿಂಗಸುಗೂರೇನು ಸಣ್ಣ ಊರೇ? ತಾಲೂಕು ಕಚೇರಿ ಇಲ್ಲಿ, ಪೊಲೀಸ್ ಅಮೀನರ ಠಾಣೆ ಇಲ್ಲಿ, ಬಂಡೆ ಮಾತ್ರ ಮಸ್ಕಿಯಲ್ಲಿ! ಇದೆಂಥ ನ್ಯಾಯ?

ಹೆಣ್ಣು ನೋಡಲು ಬಂದಾಗ ಅತ್ತೆಯವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಲು ಬಾಯಿ ತೆರೆದಿದ್ದರು. ಮಾವನವರು ಅಡ್ಡ ಬಂದರು.

"ಆ ಬಂಡಿಗಲ್ಲ ಹಂತೇಕ ಹೋಗೀಯೇನವಾ?"

"ಹೋಗೀನ್ರಿ. ಕುರಿ ಕಾಯೋರು ಅದರ ನೆಳ್ಳಾಗ ಕುಂತು ಬುತ್ತಿ ಬಿಚ್ಚತಾರ್ರಿ."

"ಮುಟ್ಟೀಯೇನು?"

"ಮುಟ್ಟೀನ್ರಿ."

ಮಾವನವರು ನಮ್ಮ ಅಪ್ಪನ ಕಡೆ ತಿರುಗಿ, "ಮಾತು ಮುಗೀತ್ರಿ, ಎಲಿ ಅಡಿಕಿ ತರಸ್ರಿ" ಎಂದರು. ಮದುವೆಯಾಗಬೇಕಾದ ವರ ಅಲ್ಲೇ ಕಂಬಕ್ಕೆ ಆತು ಕುಳಿತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ.

ನನ್ನ ಗಂಡನಿಗೆ ಹಟ್ಟಿಯ ಚಿನ್ನದ ಗಣಿಯಲ್ಲಿ ಕಾರಕೂನಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ಅತ್ತೆಯವರು, ಮಾವನವರು, ಮತ್ತೆ ಕಲ್ಲುಗಳು. ಮಾವನವರು ತಾಲೂಕು ಕಚೇರಿಯಲ್ಲಿ ಕಂದಾಯದ ಗಿರ್ದಾವರರಾಗಿದ್ದು, ಪಿಂಚಣಿಯ ವಜೀಫಾ ಪಡೆದು ಮನೆಯಲ್ಲಿ ಕುಳಿತವರು. ಕುಳಿತರು ಎಂದೆನೇ? ಕೂತಿದ್ದರೆ ನಮಗೆ ಈ ಕಷ್ಟವೇಕೆ ಬರುತ್ತಿತ್ತು!

ನಾನು ಬಂದ ಎಂಟನೆಯ ದಿನ ಹಿತ್ತಲಲ್ಲಿ ಅರಿವೆ ಒಗೆಯುವಾಗ ಕಲ್ಲು ಸ್ವಲ್ಪ ಅಲುಗಾಡಿತು. ಮಾವನವರು ಅದಕ್ಕೆ ಚಿಪ್ಪುಕಲ್ಲು ಆನಿಕೆ ಕೊಡಲು ಬಂದರು, ಕಲ್ಲಿನ ಅಡಿಗೆ ಕೈ ಹಾಕಿದರು, ಹಾಗೇ ನಿಂತುಬಿಟ್ಟರು. ಬೆರಳಿಗೆ ಗೀರು ಗೀರು ತಾಗಿತ್ತಂತೆ. ಓಣಿಯ ನಾಲ್ಕು ಗಂಡಾಳು ಬಂದು ಕಲ್ಲನ್ನು ಮಗುಚಿದರು. ಕೆಳಗೆ ಸಾಲು ಸಾಲಾಗಿ ಅಕ್ಷರ. ಆ ಕ್ಷಣದಿಂದ ಅದರ ಮೇಲೆ ಅರಿವೆ ಒಗೆಯುವುದು ಬಂದ್.

"ಹಂಗಾರ ಅರಿವಿ ಎಲ್ಲಿ ಒಗೀಬೇಕ್ರಿ?" ಅಂದರು ಅತ್ತೆಯವರು.

"ಇಷ್ಟು ವರ್ಷ ರಾಜರ ತಲಿ ಮ್ಯಾಲೆ ಒಗದೀರಿ. ಸಾಕು ಮಾಡ್ರಿ."

ಪಕ್ಕದ ಮನೆಯ ಕಲ್ಲಿಗೆ ಹೋದೆವು. ಮಾವನವರು ನಮ್ಮ ಹಿಂದೆಯೇ ಬಂದು ಅದನ್ನೂ ಮಗುಚಿ ನೋಡಿದರು. ಅದರಲ್ಲೇನೂ ಇರಲಿಲ್ಲ, ಎರಡು ಚೇಳಿದ್ದವು. ಮುಂದೆ ಓಣಿಯ ಮನೆಮನೆಗೆ ಹೋಗಿ, "ನಿಮ್ಮ ಹೊಸ್ತಿಲಾ ಒಂದೀಟು ಎಬ್ಬಿಸಿ ನೋಡಲೇನ್ರಿ?" ಎಂದು ಕೇಳತೊಡಗಿದರು. ಇವರು ಓಣಿಯ ತಿರುವಿನಲ್ಲಿ ಕಂಡರೆ ಸಾಕು, ಹೆಂಗಸರು ಒರಳುಕಲ್ಲಿನ ಮೇಲೆ ಬುಟ್ಟಿ ಬೋರಲು ಹಾಕುತ್ತಿದ್ದರು.

ಒಬ್ಬರಿಂದ ಇದು ಸಾಗದೆಂದು ಸಂಘ ಕಟ್ಟಿದರು. ಲಿಂಗಸುಗೂರು ತಾಲೂಕು ಪ್ರಾಚೀನ ಶಿಲಾಲೇಖ ಸಂರಕ್ಷಣಾ ಸಂಘ. ಹೆಸರಿನ ಅಕ್ಷರಕ್ಕೊಬ್ಬರಂತೆ ಸದಸ್ಯರಿದ್ದರೂ ಊರು ತುಂಬುತ್ತಿತ್ತು. ಇದ್ದವರು ಮೂವರು. ಮಾವನವರು ಅಧ್ಯಕ್ಷರು. ಕಚೇರಿಯ ಮುಂದೆ ಕುಳಿತು ಜನರಿಗೆ ಉರ್ದುವಿನಲ್ಲಿ ಅರ್ಜಿ ಬರೆದುಕೊಡುತ್ತಿದ್ದ ಮುನ್ಷಿ ಸಾಹೇಬರು ಕಾರ್ಯದರ್ಶಿ. ಮೂರನೆಯವನು ಕುರುಬರ ಮುದುಕ ಒಬ್ಬ, ಯಾವ ಹೊಲದ ಬದುವಿನಲ್ಲಿ ಯಾವ ಕಲ್ಲಿದೆ ಎಂದು ಕುರಿಗಳಷ್ಟೇ ಚೆನ್ನಾಗಿ ಬಲ್ಲವನು.

ಶುಕ್ರವಾರ, ಜುಮ್ಮಾ ದಿನ ಕಚೇರಿಗೆ ರಜೆ. ಆವತ್ತು ಸಂಘದ ಸವಾರಿ ಹೊರಡುತ್ತಿತ್ತು. ಬೇಲಿಯಲ್ಲಿ ಬಿದ್ದ ಕಲ್ಲನ್ನು ತೆಂಗಿನ ನಾರಿನಿಂದ ಉಜ್ಜಿ, ತೊಳೆದು, ನೆಟ್ಟಗೆ ನಿಲ್ಲಿಸಿ, ದನ ಮೈ ತಿಕ್ಕದಂತೆ ಸುತ್ತ ಮುಳ್ಳು ಹಚ್ಚುವರು. ಚೂರಾದವನ್ನು ಬಂಡಿಯಲ್ಲಿ ಹೇರಿ ನಮ್ಮ ಹಿತ್ತಲಿಗೆ ತರುವರು. ಅಕ್ಷರದ ಅಚ್ಚು ತೆಗೆಯಲು ಅಷ್ಟು ದೊಡ್ಡ ಕಾಗದ ನಮ್ಮೂರಲ್ಲಿ ಎಲ್ಲಿ ಸಿಗಬೇಕು? ಮಾವನವರು ತಮ್ಮ ಧೋತರವನ್ನೇ ಒದ್ದೆ ಮಾಡಿ ಕಲ್ಲಿಗೆ ಹೊದಿಸಿ, ದೀಪದ ಮಸಿ ಬಡಿದು ಅಚ್ಚು ತೆಗೆದರು. ಒಗೆಯುವ ಕಲ್ಲು ಕಸಿದುಕೊಂಡವರು ಈಗ ಒಗೆಯಲು ಕರಿ ಧೋತರ ತಂದರು ಎಂದು ಅತ್ತೆಯವರು ತಲೆ ತಲೆ ಬಡಿದುಕೊಂಡರು. ಆದರೆ ಮಾವನವರು ಒಗೆಯಲು ಕೊಡಲೇ ಇಲ್ಲ, ಪಡಸಾಲೆಯಲ್ಲಿ ತೂಗುಹಾಕಿದರು.

ತೂಗುಹಾಕಿದ ಅಚ್ಚು ತಲೆಕೆಳಗಾಗಿತ್ತು.

ನನಗದು ಕೂಡಲೇ ತಿಳಿಯಿತು. ಯಾಕೆಂದರೆ ತವರಿನಲ್ಲಿ ಮಠದ ಐಗಳು ನನಗೂ ಅಣ್ಣನಿಗೂ ಕನ್ನಡ ಕಲಿಸಿದ್ದರು, ಹಳೆಯ ಓಲೆಗರಿಗಳನ್ನೂ ಒಂದಿಷ್ಟು ಓದಿಸಿದ್ದರು. ಹೊಸ ಸೊಸೆ ಹೇಗೆ ಬಾಯಿ ಬಿಡುವುದು? ಮೆಲ್ಲಗೆ, "ಮಾವಾರ, ಇದು ಹಿಂಗ ಇರತೈತೇನ್ರಿ?" ಎಂದೆ. "ಹಳೇ ಕಾಲದ ಅಕ್ಷರ ಹಿಂಗ ಇರತಾವವಾ" ಎಂದು ಗಂಭೀರವಾಗಿ ಹೇಳಿ ಹೊರಗೆ ಹೋದರು.

ಆ ಅಚ್ಚು ಕೆರೆಯ ಕಟ್ಟೆಯ ಮೇಲೆ ನಿಂತಿದ್ದ ಆಳೆತ್ತರದ ಕಲ್ಲಿನದು. ಸುತ್ತಲ ಊರುಗಳಲ್ಲಿ ಅಷ್ಟು ತುಂಬಾ ಬರೆದ ಕಲ್ಲು ಇನ್ನೊಂದಿರಲಿಲ್ಲ. ಮಾವನವರು ದಿನಾ ಬೆಳಿಗ್ಗೆ ಹೋಗಿ ಅದರ ಮೈ ಸವರಿ ಬರುತ್ತಿದ್ದರು. ಅದೇ ಕಲ್ಲಿನ ಮೇಲೆ ರಸ್ತೆಯ ಗುತ್ತೇದಾರನ ಕಣ್ಣು ಬಿತ್ತು. ಮೋರಿಗೆ ಹಾಸಲು ಹೇಳಿ ಮಾಡಿಸಿದಂತಿದೆ, ಎರಡಾಗಿ ಸೀಳಿದರೆ ಎರಡು ಹಾಸುಗಲ್ಲಾಗುತ್ತದೆ ಎಂದು ಅವನ ಲೆಕ್ಕ. ಕಲ್ಲು ಒಡೆಯುವವರು ಉಳಿ ಹಿಡಿದು ಬಂದಾಗ ಮಾವನವರು ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತರು. "ಮೊದಲ ನನ್ನ ಸೀಳ್ರಿ" ಎಂದರಂತೆ. ಅವರು ಉಳಿ ಕೆಳಗಿಟ್ಟು ಗುತ್ತೇದಾರನಿಗೆ ಸುದ್ದಿ ಮುಟ್ಟಿಸಿದರು.

ಗುತ್ತೇದಾರ ಜಾಣ. ಕಲ್ಲಿನ ಮಾತೇ ಎತ್ತದೆ ಠಾಣೆಗೆ ಹೋಗಿ, ಗಿರ್ದಾವರರ ಮನೆಯಲ್ಲಿ ಇಜಾಜತ್ ಇಲ್ಲದೆ ಸಂಘ ನಡೆದಿದೆ ಎಂದು ಹೇಳಿದ. ಆಗ ನಿಜಾಮರ ಆಳಿಕೆ. ಸರ್ಕಾರದ ಅಪ್ಪಣೆ ಇಲ್ಲದೆ ನಾಲ್ಕು ಜನ ಸಭೆ ಕೂಡಿದರೆ ಹಿಡಿದುಕೊಂಡು ಹೋಗುತ್ತಿದ್ದ ದಿನಗಳು. ನಮ್ಮವರು ಮೂವರೇ ಇದ್ದರು ನಿಜ. ಆದರೆ ಹೆಸರು ಅಷ್ಟುದ್ದ ಇತ್ತಲ್ಲ!

ಮರುದಿನ ಬೆಳಿಗ್ಗೆ ಅಮೀನ ಸಾಹೇಬರು ಇಬ್ಬರು ಜವಾನರೊಂದಿಗೆ ಪಡಸಾಲೆಗೆ ಬಂದು ಕುಳಿತರು. ಗುತ್ತೇದಾರ ಬಾಗಿಲಲ್ಲೇ ನಿಂತ. ಮುನ್ಷಿ ಸಾಹೇಬರು ಸುದ್ದಿ ಕೇಳಿ ಓಡಿ ಬಂದಿದ್ದರು. ನಾನು ಮತ್ತು ಅತ್ತೆಯವರು ನಡುಮನೆಯ ಬಾಗಿಲ ಹಿಂದೆ. ಅತ್ತೆಯವರ ಕೈ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಬಳೆ ಚುಚ್ಚುತ್ತಿದ್ದವು.

"ಗಿರ್ದಾವರ್ ಸಾಬ್, ನಿಮ್ಮ ಮನ್ಯಾಗ ಸಂಘ ಐತಂತ, ಖರೇ ಏನು?"

ಮಾವನವರು ಸುಳ್ಳು ಹೇಳಲಾರರು. "ಐತ್ರಿ" ಎಂದು ಎದೆ ಸೆಟೆಸಿದರು. ನನ್ನ ಕೈಬಳೆ ಒಂದು ಒಡೆಯಿತು.

ಮುನ್ಷಿ ಸಾಹೇಬರು ಗಡ್ಡ ನೀವಿಕೊಂಡು ಮುಂದೆ ಬಂದರು. "ಐತ್ರಿ ಹುಜೂರ್. ಒಂದಲ್ಲ, ಹನ್ನೊಂದು ಸಂಗ್ ಅದಾವ. ಹಿತ್ತಲಕ ನಡೀರಿ, ತೋರಿಸ್ತೀನಿ."

"ಹನ್ನೊಂದು ಸಂಘ?"

"ಸಂಗ್ ಹುಜೂರ್, ಸಂಗ್. ಫಾರ್ಸಿಯೊಳಗ ಸಂಗ್ ಅಂದ್ರ ಕಲ್ಲು. ತಮಗ ಗೊತ್ತಿಲ್ಲದ್ದೇನೈತಿ? ಗುತ್ತೇದಾರಗ ಪಾಪ, ಫಾರ್ಸಿ ಬರಂಗಿಲ್ಲ."

ಅಮೀನರಿಗೆ ಫಾರ್ಸಿ ಎಷ್ಟು ಬರುತ್ತಿತ್ತೋ ದೇವರೇ ಬಲ್ಲ. ಆದರೆ ಗೊತ್ತಿಲ್ಲವೆಂದು ಗುತ್ತೇದಾರನ ಎದುರಿಗೆ ಹೇಳುವುದುಂಟೇ? "ಬರಾಬರ್, ಸಂಗ್" ಎಂದು ತಲೆಯಾಡಿಸಿ ಹಿತ್ತಲಿಗೆ ಹೋಗಿ ಎಣಿಸಿ ಬಂದರು. ಹನ್ನೊಂದೇ ಇದ್ದವು.

"ಈ ಕಲ್ಲು ಯಾಕ ಕೂಡಸಾಕತ್ತೀರಿ? ಜನರ ಮ್ಯಾಲೆ ಒಗಿಯಾಕೇನು?"

"ಒಂದನ್ನ ಎತ್ತಿ ತೋರಿಸ್ರಿ ಸಾಹೇಬ್ರ, ಎಲ್ಲಾವೂ ನಿಮಗ ಕೊಡತೀನಿ" ಎಂದರು ಮಾವನವರು. ಜವಾನರಿಬ್ಬರೂ ಮುಖ ಆಚೆ ತಿರುಗಿಸಿ ನಕ್ಕರು. ಅಮೀನರ ಮೀಸೆಯೂ ಸ್ವಲ್ಪ ಅಲುಗಿತು. ಅಬ್ಬಾ, ಬದುಕಿದೆವು ಎಂದುಕೊಂಡು ನಾನು ಉಸಿರು ಬಿಟ್ಟೆ.

ಬಿಟ್ಟದ್ದು ಬೇಗ ಆಯಿತು. ಗುತ್ತೇದಾರ ಪಡಸಾಲೆಯಲ್ಲಿ ತೂಗುತ್ತಿದ್ದ ಧೋತರದ ಕಡೆ ಕೈ ಮಾಡಿದ. "ಸಾಬ್, ಆ ಕಲ್ಲಿನ ಬರಹ ಅಲ್ಲೈತಿ ನೋಡ್ರಿ. ಸರ್ಕಾರದ ವಿರುದ್ಧ ಏನರ ಬರದಿರಬೇಕು. ಇಲ್ಲಂದ್ರ ಇವರು ಜೀವಾ ಯಾಕ ಕೊಡಾಕತ್ತಾರ?"

ಅಮೀನರ ಮುಖ ಮತ್ತೆ ಬಿಗಿಯಿತು. "ಗಿರ್ದಾವರ್ ಸಾಬ್, ಓದ್ರಿ. ಏನೈತಿ ಅಂತ ಹೇಳ್ರಿ. ತಪ್ಪು ಮಾತಿಲ್ಲಂದ್ರ ಕಲ್ಲು ಅಲ್ಲೇ ಇರತೈತಿ. ಇದ್ರ ಇವತ್ತ ಒಡಸ್ತೀನಿ."

ಮಾವನವರು ಧೋತರದ ಮುಂದೆ ಹೋಗಿ ನಿಂತರು. ನಾವೆಲ್ಲ ಕಾದೆವು. ಅವರ ಬೆನ್ನಷ್ಟೇ ನನಗೆ ಕಾಣುತ್ತಿತ್ತು. ಒಂದು ಸಲ ಕೆಮ್ಮಿದರು. ಇನ್ನೊಂದು ಸಲ ಕೆಮ್ಮಿದರು. ಅಕ್ಷರದ ಮೇಲೆ ಬೆರಳಿಟ್ಟರು. ಆ ಬೆರಳು ಉರ್ದು ಓದುವವರಂತೆ ಬಲದಿಂದ ಎಡಕ್ಕೆ ಹೊರಟಿತು. ಆಗ ನನಗೆ ಎಲ್ಲ ಅರ್ಥವಾಯಿತು. ಅವರಿಗೆ ಹಳೆಯ ಅಕ್ಷರವಷ್ಟೇ ಅಲ್ಲ, ಹೊಸದೂ ಬರುತ್ತಿರಲಿಲ್ಲ. ಕನ್ನಡ ಓದಲೇ ಬರುತ್ತಿರಲಿಲ್ಲ.

ಸೆರಗು ಮುಂದೆಳೆದುಕೊಂಡು ಬಾಗಿಲು ದಾಟಿದೆ. ಎಲ್ಲಿಂದ ಧೈರ್ಯ ಬಂತೋ ಇಂದಿಗೂ ತಿಳಿಯದು.

"ಮಾವಾರ ಕಣ್ಣಿಗೆ ಪೊರಿ ಬಂದೈತ್ರಿ ಸಾಹೇಬ್ರ. ದಿನಾ ನಾನ ಓದಿ ಹೇಳತೀನ್ರಿ. ಮಸಿ ಇಳದು ಅಕ್ಷರ ಕೆಡಬಾರದಂತ ತಲಿಕೆಳಗ ಹಾಕ್ಯಾರ, ಒಂದೀಟು ತಿರುವಿ ಹಿಡೀರಿ."

ಮುನ್ಷಿ ಸಾಹೇಬರು ಧೋತರ ತಿರುವಿ ಹಿಡಿದರು. ನಾನು ಓದಿದೆ. ಸ್ವಸ್ತಿಶ್ರೀ ಕಂಡಿತು, ಕೆರೆ ಕಂಡಿತು, ನೀರು ಕಂಡಿತು, ಒಬ್ಬ ಗೌಡನ ಹೆಸರು ಅರ್ಧ ಕಂಡಿತು. ಕಂಡದ್ದು ಕಲ್ಲಿನದು, ಕಾಣದ್ದು ನನ್ನದು. ದಾರಿಯ ಜನಕ್ಕೆ, ದನಕರುಗಳಿಗೆ ನೀರಾಗಲೆಂದು ಕೆರೆ ಕಟ್ಟಿಸಿದ ಪುಣ್ಯಾತ್ಮನ ಕಥೆಯನ್ನು ಸರಾಗವಾಗಿ ಹೇಳಿದೆ. ಕೊನೆಯ ಸಾಲಿಗೆ ಬಂದಾಗ ಗುತ್ತೇದಾರನ ಕಡೆ ನೋಡದೆ, "ಇದನ್ನ ಕೆಡಿಸಿದವನ ವಂಶ ಉಳಿಯಂಗಿಲ್ಲ ಅಂತ ಬರದೈತ್ರಿ" ಎಂದೆ. ಅಂಥ ಮಾತು ಇಂಥ ಕಲ್ಲುಗಳಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಅದನ್ನು ಪೂರಾ ಸುಳ್ಳು ಎನ್ನುವ ಹಾಗಿಲ್ಲ. ಗುತ್ತೇದಾರ ಎರಡು ಹೆಜ್ಜೆ ಹಿಂದೆ ಸರಿದು ಅಂಗಳಕ್ಕಿಳಿದ.

ಅಮೀನರು ಅಲ್ಲೇ ಕುಳಿತು ಹುಕುಂ ಬರೆದರು. ಹಳೆಯ ಬರಹ ನೋಡುವ ಹೈದರಾಬಾದಿನ ಕಚೇರಿಗೆ ಕಾಗದ ಹೋಗಬೇಕು, ಅಲ್ಲಿಂದ ಉತ್ತರ ಬರುವ ತನಕ ಕಲ್ಲನ್ನು ಯಾರೂ ಮುಟ್ಟಕೂಡದು. ಹೈದರಾಬಾದಿನಿಂದ ಉತ್ತರ ಬರಲೇ ಇಲ್ಲ. ಹಾಗಾಗಿ ಕಲ್ಲು ಉಳಿಯಿತು! ಉತ್ತರ ಬರೆಯದೆ ಕುಳಿತ ಆ ಗುಮಾಸ್ತ ಯಾರೋ ಏನೋ, ಅವನ ಹೊಟ್ಟೆ ತಣ್ಣಗಿರಲಿ.

ಚಹಾ ಕುಡಿದು ಎಲ್ಲರೂ ಹೋದರು. ಅತ್ತೆಯವರು ಗೋಡೆಗೆ ಒರಗಿ ಕುಳಿತು ಒಂದೇ ಸಮನೆ ನಕ್ಕರು, ಆಮೇಲೆ ಅತ್ತರು, ಆಮೇಲೆ ರೊಟ್ಟಿಗೆ ಹಿಟ್ಟು ನಾದಿದರು. ಸಂಜೆ ನಾನು ಜೋಳ ಹಸನು ಮಾಡುತ್ತಿದ್ದಾಗ ಮಾವನವರು ಬಂದು ಎದುರಿಗೆ ಕುಳಿತರು.

"ನನ್ನ ಕಣ್ಣಿಗೆ ಪೊರಿ ಬಂದಿಲ್ಲ ನೋಡವಾ."

"ಗೊತ್ತೈತ್ರಿ ಮಾವಾರ."

"ನಮ್ಮ ಕಾಲಕ್ಕ ಸಾಲ್ಯಾಗ ಉರ್ದು ಅಲಿಫ್ ಬೇ ಕಲಿಸಿದ್ರು. ಕಚೇರ್ಯಾಗೂ ಅದ ನಡೀತು. ಮನ್ಯಾಗ ಕನ್ನಡ ಮಾತಾಡತೀನಿ, ಕನಸೂ ಕನ್ನಡದಾಗ ಬೀಳತಾವ. ಓದಾಕ ಮಾತ್ರ ಬರಲಿಲ್ಲ. ದೊಡ್ಡಾವ ಆದಮ್ಯಾಲೆ ಯಾರನ್ನ ಕೇಳಲಿ, ನಾಚಿಕಿ. ಆ ಅಕ್ಷರದ ಮ್ಯಾಲೆ ಉಳಿ ಇಟ್ರಲ್ಲ, ನನ್ನ ಎದಿ ಮ್ಯಾಲೆ ಇಟ್ಟಂಗಾತು."

ಮರುದಿನ ಬೆಳಿಗ್ಗೆ ಅವರೇ ಅಂಗಡಿಗೆ ಹೋಗಿ ಒಂದು ಪಾಟಿ, ಬಳಪ ತಂದು ಪಡಸಾಲೆಯಲ್ಲಿ ಕುಳಿತು ನನ್ನನ್ನು ಕರೆದರು. ಅ ದಿಂದ ಶುರು ಮಾಡೋಣ ಎಂದೆ.

"ಅ ಆಮ್ಯಾಲೆ ಆಗಲಿ. ಮೊದಲ ಒಂದು ಹೆಸರು ಬರಿಯೋದು ಕಲಸು."

"ಯಾರ ಹೆಸರ್ರಿ?"

ಮಾವನವರು ಗದ್ದದಿಂದ ಅಡುಗೆಮನೆಯ ಕಡೆ ತೋರಿಸಿದರು. ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವ ಕಾಲವಲ್ಲ ಅದು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಅತ್ತೆಯವರನ್ನು "ಕೇಳಿದೇನು" ಎಂದು ಕರೆದದ್ದೇ ಹೆಚ್ಚು. ನಾನು ಪಾಟಿಯ ಮೇಲೆ ಬಸಮ್ಮ ಎಂದು ಬರೆದು ತೋರಿಸಿ ಅಳಿಸಿದೆ. ಅವರು ನಾಲಿಗೆ ಕಚ್ಚಿಕೊಂಡು, ಬೆವರಿಕೊಂಡು, ಒಂದೊಂದೇ ಅಕ್ಷರ ತಿದ್ದಿದರು. ಅಕ್ಷರ ದುಂಡಗಿದ್ದವು. ಆದರೆ ಕೈಗೆ ಉರ್ದುವಿನ ರೂಢಿ, ಬಲದಿಂದ ಎಡಕ್ಕೆ ಬರೆದಿದ್ದರು. ಪಾಟಿಯ ಮೇಲೆ "ಮ್ಮಸಬ" ಎಂದು ಮೂಡಿತ್ತು.

ಅಷ್ಟರಲ್ಲಿ ಅತ್ತೆಯವರು ಚಹಾ ತಂದರು. ಅವರಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. "ಏನವಾ ಅದು?" ಎಂದರು.

"ನಿಮ್ಮ ಹೆಸರ್ರಿ ಅತ್ತಿ. ಮಾವಾರ ಬರದಾರ. ಹಿಂದಮುಂದ ಆಗೇತಿ, ತಡೀರಿ, ಅಳಿಸಿ ಸುದ್ದ ಬರಸ್ತೀನಿ."

ನಾನು ಕೈ ಚಾಚುವ ಮೊದಲೇ ಅತ್ತೆಯವರು ಪಾಟಿಯನ್ನು ಎತ್ತಿ ಎದೆಗೆ ಅವುಚಿಕೊಂಡರು.

"ಕೈ ಹಚ್ಚಬ್ಯಾಡ. ನಲವತ್ತು ವರ್ಷಕ್ಕ ಒಮ್ಮಿ ಹೆಸರು ಹಿಡದಾರ, ಹಿಂದಮುಂದ ಇದ್ರ ಇರಲಿ. ನಿಮ್ಮ ಮಾವಗ ಬ್ಯಾರೆ ಪಾಟಿ ತರಸು, ಇದು ನಂದು."