ಆರ್ಲನ್ ಸ್ವೋಬೊಡನ ತೊಂದರೆಯಿಲ್ಲದ ಎದೆ

ರೋಗಿಯು ಸ್ವಂತ ಬಾಯಿಂದ ಹೇಳದ ಹೊರತು ಎದೆನೋವು ಅಸ್ತಿತ್ವದಲ್ಲಿರುವುದಿಲ್ಲ. ಇದು ವಿಮಾ ಕಂಪನಿಯ ನಿಯಮ ಹದಿನಾಲ್ಕು, ಉಪನಿಯಮ ಬಿ. ಅಮೆರಿಕದ ನೆಬ್ರಾಸ್ಕ ರಾಜ್ಯದ ಮೆಕ್ಕೆಜೋಳದ ಗೋದಾಮಿನಲ್ಲಿ ಮೂವತ್ತೊಂದು ವರ್ಷ ದುಡಿದ ಆರ್ಲನ್ ಸ್ವೋಬೊಡನಿಗೆ ಈ ನಿಯಮದ ಮೇಲೆ ತಕರಾರಿರಲಿಲ್ಲ. ತಕರಾರು ಇಟ್ಟುಕೊಳ್ಳುವ ಅಭ್ಯಾಸ ಆ ಸೀಮೆಯವರಿಗೇ ಇಲ್ಲ. ಹೇಗಿದ್ದೀರಿ ಎಂದು ಯಾರು ಕೇಳಿದರೂ "ತೊಂದರೆ ಏನಿಲ್ಲ" ಅನ್ನಬೇಕು. ಅವನ ಅಪ್ಪ ಟ್ರ್ಯಾಕ್ಟರಿನಡಿ ಸಿಕ್ಕಿಕೊಂಡಿದ್ದಾಗಲೂ ಅಂದದ್ದು ಅದನ್ನೇ.

ಈಚೆಗೆ ಅಂಗಳದ ಹಿಮ ಎರಡು ಸಲಿಕೆ ಎತ್ತಿದರೆ ಆರ್ಲನ್ನನ ಎದೆ ಹಿಂಡುತ್ತಿತ್ತು. ಡಾಕ್ಟರ್ ಹಾಲ್ವರ್ಸನ್ ಹೃದಯದ ರಕ್ತನಾಳಗಳ ಸ್ಕ್ಯಾನ್ ಬರೆದುಕೊಟ್ಟು, ತಡ ಮಾಡಿದರೆ ಜೀವಕ್ಕೆ ನಾನು ಹೊಣೆಯಲ್ಲ ಎಂದರು. ಸ್ಕ್ಯಾನ್ ವೈದ್ಯಕೀಯವಾಗಿ ಅಗತ್ಯವೇ ಎಂದು ಖಚಿತಪಡಿಸಿಕೊಳ್ಳಲು ಕಂಪನಿಯ ಪರಿಶೀಲನಾಧಿಕಾರಿ ಕುಮಾರಿ ಟಿಬಿಟ್ಸ್ ಫೋನ್ ಮಾಡಿದಳು. ಮರ್ಯಾದಸ್ಥೆ, ಮೊದಲು ಹೇಗಿದ್ದೀರಿ ಎಂದು ವಿಚಾರಿಸಿದಳು.

ವಾರದೊಳಗೆ ಪತ್ರ ಬಂತು: "ತಮಗೆ ತೊಂದರೆ ಇಲ್ಲವೆಂದು ರೋಗಿಯು ಖುದ್ದಾಗಿ ಹೇಳಿಕೆ ನೀಡಿರುವುದರಿಂದ ಸ್ಕ್ಯಾನ್ ಅನಗತ್ಯ. ಶುಭಾಶಯಗಳು."

ಹೆಂಡತಿ ಲವೊನ್ ಪತ್ರವನ್ನು ಮೇಜಿಗೆ ಬಡಿದಳು. "ಅಲ್ರೀ, ಎದೆ ಹಿಡ್ಕೊಂಡು ಬಾಗಿಲಿಗೆ ಒರಗ್ತೀರಲ್ಲ, ಅದನ್ನ ಹೇಳೋಕೇನು ದಾಡಿ?"

"ಪಾಪ, ಆ ಹುಡುಗಿ ಹೇಗಿದ್ದೀರಿ ಅಂದ್ಳು ಕಣೆ. ಗುರುತು ಪರಿಚಯ ಇಲ್ದೋಳ ಹತ್ರ ಗೋಳು ತೋಡ್ಕೊಳ್ಳೋದಾ?"

ಮೇಲ್ಮನವಿ ಹೋಯಿತು. ಅದನ್ನು ಪರಾಮರ್ಶಿಸಿದ ಕಂಪನಿಯ ತಜ್ಞರು ಪಾದರೋಗದ ವೈದ್ಯರು. ರೋಗಿಯ ಪಾದ ಚೆನ್ನಾಗಿದೆಯೇ ಎಂದು ಹಾಲ್ವರ್ಸನ್ನರನ್ನು ಕೇಳಿ, ಹೌದೆಂದಾಗ ಸಮಾಧಾನಪಟ್ಟು, ಹೇಳಿಕೆಯನ್ನು ಇನ್ನೊಮ್ಮೆ ಪಡೆಯಲು ಅಪ್ಪಣೆ ಕೊಟ್ಟರು. ಲವೊನ್ ನಾಲ್ಕು ದಿನ ಗಂಡನಿಗೆ ನರಳುವುದನ್ನು ಕಲಿಸಿದಳು. ಕನ್ನಡಿಯೆದುರು ಅವನು ಚೆನ್ನಾಗಿಯೇ ನರಳುತ್ತಿದ್ದ.

ಫೋನ್ ಬಂದಾಗ ಅವನ ಎಡಗೈ ಜೋಮು ಹಿಡಿದಿತ್ತು, ಹಣೆ ಬೆವೆತಿತ್ತು.

"ಹೇಗಿದ್ದೀರಿ ಸ್ವೋಬೊಡ ಸರ್?"

"ತೊಂದರೆ ಏನಿಲ್ಲಮ್ಮ. ನೀನು ಹೇಗಿದ್ದೀಯ?"

ಲವೊನ್ ಫೋನ್ ಕಿತ್ತುಕೊಂಡು, ಇವರು ಸುಳ್ಳು ಹೇಳ್ತಿದ್ದಾರೆ ಎಂದಳು. ಹೆಂಡತಿಯ ಹೇಳಿಕೆ ಉಪನಿಯಮ ಸಿ ಪ್ರಕಾರ ವದಂತಿ ಎಂದು ಟಿಬಿಟ್ಸ್ ವಿನಯದಿಂದ ತಿಳಿಸಿದಳು. "ಮೇಡಂ, ಸುಳ್ಳು ಹೇಳಿ ಸ್ಕ್ಯಾನ್ ಬೇಕು ಅನ್ನೋರಿಗೆ ನಮ್ಮಲ್ಲಿ ನಮೂನೆ ಇದೆ. ಸುಳ್ಳು ಹೇಳಿ ಬೇಡ ಅನ್ನೋರಿಗೆ ಇನ್ನೂ ಅಚ್ಚಾಗಿಲ್ಲ."

ಮಾರ್ಚಿನಲ್ಲಿ ಕಂಪನಿ ಆರ್ಲನ್ನನನ್ನು ಜಿಲ್ಲೆಯ ಅತ್ಯಂತ ಆರೋಗ್ಯವಂತ ಸದಸ್ಯನೆಂದು ಘೋಷಿಸಿತು. ಚರ್ಚಿನ ಸಭಾಂಗಣದಲ್ಲಿ ಸನ್ಮಾನ. ಊರವರು ಮನೆಗೊಂದು ಅಡುಗೆ ಮಾಡಿ ತಂದಿದ್ದರು. ಹಾಲ್ವರ್ಸನ್ ಸ್ಕ್ಯಾನಿನ ಚೀಟಿ ವಾಪಸು ಪಡೆದು ಅಭಿನಂದನಾ ಭಾಷಣ ಮಾಡಿದರು. ಲವೊನ್ ಹೊಸ ಗೌನು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು.

ವೇದಿಕೆಗೆ ಮೂರು ಮೆಟ್ಟಿಲು. ಆರ್ಲನ್ ಮೊದಲನೆಯದರಲ್ಲಿ ನಿಂತ. ಎರಡನೆಯದರಲ್ಲಿ ಕಟಾಂಜನ ಹಿಡಿದು ಕೂತ. ಜನ ಎದ್ದು ನಿಂತು, ಅವನು ಮೇಲೆ ಮುಟ್ಟುವವರೆಗೂ ಚಪ್ಪಾಳೆ ನಿಲ್ಲಿಸಲಿಲ್ಲ. ಏಳು ನಿಮಿಷ. ಜಿಲ್ಲೆಯಲ್ಲಿ ಇಷ್ಟು ದೀರ್ಘ ಗೌರವ ಈವರೆಗೆ ಯಾರಿಗೂ ಸಂದಿಲ್ಲವೆಂದು ಮರುದಿನದ ಪತ್ರಿಕೆ ಬರೆಯಿತು.