ನಾಲ್ಕು ಬೆರಳು ಕಡಿಮೆ ಬಿದ್ದ ಸ್ವಾಗತ

ಮಾನ್ಯ ಎಂಜಿನಿಯರ್ ಸಾಹೇಬರೇ,

ಕಾಲುವೆ ಪಕ್ಕದ ಹಾದಿಯನ್ನು ಪ್ರತಿ ಭಾನುವಾರ ಸವರಿ, ಕೆರೆದು, ಗುಡಿಸುವ ಒಂಬತ್ತು ಮಂದಿಯ ಪರವಾಗಿ ತಮಗೆ ನಮಸ್ಕರಿಸುತ್ತೇನೆ. ಬಲಗೈಗೆ ಹೊಕ್ಕ ಮುಳ್ಳು ಇನ್ನೂ ಹೊರಗೆ ಬಾರದ ಕಾರಣ ಸದ್ಯಕ್ಕೆ ಒಂದೇ ಕೈಯ ನಮಸ್ಕಾರವನ್ನು ಸ್ವೀಕರಿಸಬೇಕು.

ಆರು ವರ್ಷ ಆ ಹಾದಿಯಲ್ಲಿ ಹಾವುಗಳನ್ನು ಬಿಟ್ಟರೆ ಬೇರಾರೂ ಓಡಾಡುತ್ತಿರಲಿಲ್ಲ. ನಿವೃತ್ತ ಪೋಸ್ಟ್‌ಮ್ಯಾನ್, ಬೇಕರಿಯವರು, ಗಾರೆ ಮೇಸ್ತ್ರಿ, ನನ್ನಂಥ ಗುಮಾಸ್ತ ಎಲ್ಲರೂ ಸೇರಿ ಎರಡು ವರ್ಷ ಬೆವರು ಸುರಿಸಿ, ಜನ ನಡೆಯುವ ಹಾಗೆ, ಸೈಕಲ್ ಓಡುವ ಹಾಗೆ ಮಾಡಿದೆವು. ಕಾಲಿಗೆ ಬಲವಿಲ್ಲದ ನಮ್ಮಕ್ಕ ತನ್ನ ಮೂರು ಚಕ್ರದ ಗಾಡಿಯನ್ನು ತಾನೇ ಕೈಯಲ್ಲಿ ತಿರುಗಿಸಿಕೊಂಡು, ಯಾರ ಹಂಗೂ ಇಲ್ಲದೆ ತನ್ನ ಹೊಲಿಗೆ ಅಂಗಡಿಗೆ ಹೋಗಿಬರತೊಡಗಿದ್ದು ಆಮೇಲೆಯೇ.

ಹೀಗಿರಲು ಕಳೆದ ತಿಂಗಳು ತಮ್ಮ ಸಿಬ್ಬಂದಿ ಬಂದು ಹಾದಿಯ ಈಚೆಗೊಂದು ಆಚೆಗೊಂದು ಸುಣ್ಣದ ಗುರುತು ಹಾಕಿ, ಗುಂಡಿ ತೋಡಿಕೊಡುತ್ತೀರಾ ಎಂದು ಕೇಳಿದರು. ಒಂದು ಬೆಂಚಿಗಾಗಿ ಮೂರು ಸಲ ಅರ್ಜಿ ಕೊಟ್ಟಿದ್ದ ನಾವು, ಎರಡು ಬೆಂಚು ಮಂಜೂರಾಯಿತೆಂದು ಹಿಗ್ಗಿ, ಯಾತಕ್ಕೆಂದು ಒಂದು ಮಾತೂ ಕೇಳದೆ ಸೊಂಟದಾಳ ತೋಡಿದೆವು. ಬೆಂಚು ಅಲುಗಾಡಬಾರದೆಂದು ಮೇಸ್ತ್ರಿಯವರು ತಳಕ್ಕೆ ಜಲ್ಲಿ ಹಾಕಿ ಗುದ್ದಿದ್ದೂ ಗುದ್ದಿದ್ದೇ.

ಮುಂದಿನ ಭಾನುವಾರ ಹೋದರೆ ಬೆಂಚೂ ಇಲ್ಲ, ಮಣ್ಣೂ ಇಲ್ಲ. ಎರಡು ಕಂಬ, ಮೇಲೊಂದು ಬೋರ್ಡು: ಸ್ವಾಗತ, ನಿರ್ವಹಣೆ ತಮ್ಮ ಕಚೇರಿಯದು, ಕೆಳಗೆ ತಮ್ಮ ಶುಭನಾಮ. ಆ ಹೆಸರು ಎಷ್ಟು ದೊಡ್ಡದೆಂದರೆ ಅದನ್ನು ಹೊರಲು ಅಷ್ಟು ದಪ್ಪದ ಕಂಬಗಳೇ ಬೇಕು, ಮತ್ತು ಅಷ್ಟು ದಪ್ಪದ ಕಂಬಗಳ ನಡುವೆ ನಮ್ಮಕ್ಕನ ಗಾಡಿ ಹಿಡಿಸುವುದಿಲ್ಲ, ನಾಲ್ಕು ಬೆರಳು ಕಡಿಮೆ. ಒಂದು ಪಕ್ಕ ಗೋದಾಮಿನ ಗೋಡೆ, ಇನ್ನೊಂದು ಪಕ್ಕ ನೀರು. ತಮ್ಮ ಕಚೇರಿಯಲ್ಲಿ ವಿಚಾರಿಸಿದರೆ, ಕಂಬ ಬಹಳ ಭದ್ರವಾಗಿರುವುದರಿಂದ ಕೀಳಲು ಯಂತ್ರ ಬೇಕು, ಯಂತ್ರ ಬರಲು ಹಾದಿ ಸಾಲದು ಎಂದರು. ಮೇಸ್ತ್ರಿಯವರ ಕೆಲಸವನ್ನು ಯಾರಾದರೂ ಹೊಗಳಿದಾಗ ಅವರು ತಲೆತಗ್ಗಿಸಿದ್ದು ಇದೇ ಮೊದಲು.

ಆದ್ದರಿಂದ ತಾವು ದಯಮಾಡಿ ಕಾಲುವೆಯನ್ನು ನಾಲ್ಕು ಬೆರಳು ಆಚೆಗೆ ಸರಿಸಬೇಕು. ಅದಾಗದಿದ್ದರೆ ಬೆಳಗ್ಗೆ ಒಂಬತ್ತಕ್ಕೂ ಸಂಜೆ ಆರಕ್ಕೂ ತಾವೇ ಬಂದು ಗಾಡಿಯನ್ನೂ ಅಕ್ಕನನ್ನೂ ಎತ್ತಿ ದಾಟಿಸಬೇಕು. ನಿರ್ವಹಣೆ ತಮ್ಮದೆಂದು ಬೋರ್ಡೇ ಹೇಳುತ್ತಿದೆಯಲ್ಲ. ಈಗ ಅವಳು ದೊಡ್ಡ ರಸ್ತೆಯಲ್ಲಿ ಲಾರಿಗಳ ನಡುವೆ ಹೋಗುತ್ತಾಳೆ. ಅವಳು ಮನೆ ಸೇರುವತನಕ ನನ್ನ ಜೀವ ಕೈಯಲ್ಲಿರುತ್ತದೆ, ನಗುನಗುತ್ತಾ ಬರೆಯುತ್ತಿದ್ದೇನೆಂದು ತಿಳಿಯಬೇಡಿ.

ಗುಂಡಿ ತೋಡಿಕೊಟ್ಟ, ತಮ್ಮ ವಿಶ್ವಾಸಿ

ತಾ.ಕ.: ನಾಲ್ಕು ಬೆರಳಿನ ಲೆಕ್ಕ ನನ್ನದಲ್ಲ, ಅಕ್ಕ ತನ್ನ ಟೇಪಿನಲ್ಲಿ ಅಳೆದದ್ದು. ಅಳೆದು, “ಅಳತೆ ತಗೊಳ್ದೆ ನಾನು ಬಟ್ಟೆಗೆ ಕತ್ತರಿ ಹಾಕಲ್ಲ. ಇದನ್ನ ಯಾರ ಅಳತೆಗೆ ಹೊಲಿದ್ರಂತೆ, ಕೇಳು” ಎಂದಳು. ಆ ಟೇಪನ್ನು ತಮಗಾಗಿ ಎಡಗಡೆಯ ಕಂಬಕ್ಕೆ ಕಟ್ಟಿದ್ದೇವೆ. ಉಪಯೋಗಿಸಿದ ಮೇಲೆ ಅಂಗಡಿಗೆ ತಾವೇ ತಲುಪಿಸಬೇಕು. ಅವಳು ಆ ಕಂಬ ದಾಟಿ ಬರುವ ಹಾಗಿಲ್ಲ.